ದೊಡ್ಡಪ್ಪನ ಐದು ನಿಮಿಷ

ಮದ್ದೂರಿನ ಆ ಸಂಜೆಯ ಬಗ್ಗೆ ಬರೆಯಲು ಕೂತರೆ ಈಗಲೂ ಸಿಟ್ಟು ಮುಂದೆ ಓಡುತ್ತದೆ. ಅದಕ್ಕೇ ನಿಧಾನವಾಗಿ ಬರೆಯುತ್ತಿದ್ದೇನೆ. ನನ್ನ ನೌಕರಿಯೆಲ್ಲ ಶಿವನಸಮುದ್ರದ ಪವರ್ ಹೌಸಿನಲ್ಲಿ ಕಳೆಯಿತು. ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೋ ಅದನ್ನು ಮಾತ್ರ ಬರಿ, ಎಲ್ಲಿ ನಿಲ್ಲಬೇಕಾಗಿತ್ತು ಅನ್ನುವುದು ನಿನ್ನ ಕೆಲಸವಲ್ಲ ಎಂದು ಅಲ್ಲಿನ ಹಿರಿಯರು ಹೇಳಿಕೊಟ್ಟಿದ್ದರು. ಇಲ್ಲಿಯೂ ಅಷ್ಟೇ ಮಾಡುತ್ತೇನೆ. ಆದರೆ ಮುಳ್ಳು ನಿಂತ ಜಾಗ ನೋಡಿ ಹೇಸಿಗೆಯಾದರೆ ಅದನ್ನು ಮುಚ್ಚಿಡು ಎಂದು ಯಾರೂ ಕಲಿಸಲಿಲ್ಲ.

ದೊಡ್ಡಪ್ಪ ಎಂದರೆ ನಮ್ಮ ತಂದೆಯ ಅಣ್ಣ. ಮದುವೆಯಾಗಲಿಲ್ಲ. ತೊಂಬತ್ತು ದಾಟಿದ್ದಾರೆ, ಮಳವಳ್ಳಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ಹುಟ್ಟಿದ್ದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ಊರಿನ ಪೌರಾಣಿಕ ನಾಟಕಗಳಲ್ಲಿ ಬಣ್ಣ ಹಚ್ಚಲು ಶುರುಮಾಡಿ, ಆಮೇಲೆ ಒಂದು ನಾಟಕ ಕಂಪನಿಯ ಲಾರಿ ಹತ್ತಿ ಹೋದವರು. ನಮ್ಮ ಕಡೆ ಊರ ನಾಟಕದಲ್ಲಿ ರಾಜನ ಪಾತ್ರ ಯಾರಿಗೆ ಅನ್ನುವುದನ್ನು ಅಭಿನಯ ತೀರ್ಮಾನಿಸುವುದಿಲ್ಲ. ಗದ್ದೆ ಹೆಚ್ಚಿಗೆ ಇರುವವನ ತಲೆಗೇ ಕಿರೀಟ. ಕಂಚಿನ ಕಂಠದ ಕೂಲಿಯವನು ಚಾಮರ ಬೀಸುತ್ತ ನಿಂತಿರುತ್ತಾನೆ, ಪದ ಮರೆತ ಜಮೀನುದಾರ ಗದೆ ಹಿಡಿದು ಹಾರ್ಮೋನಿಯಂ ಮೇಷ್ಟರ ಮುಖ ನೋಡುತ್ತಿರುತ್ತಾನೆ. ಗದ್ದೆ ಕಮ್ಮಿಯಿದ್ದ ದೊಡ್ಡಪ್ಪನಿಗೆ ದೂತ, ಮುದುಕ, ಕುರುಡ ಇಂಥವು ಬರುತ್ತಿದ್ದವು. ಆಮೇಲೆ ಜೀವನಪೂರ್ತಿ ಅವರು ಮಾಡಿದ್ದೂ ಅವನ್ನೇ.

ಆಗ ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು, ಕಂಪನಿಯಿಂದ ದೊಡ್ಡಪ್ಪ ಅಲ್ಲಿಗೆ ಹೋದರು. ಎತ್ತು ಕೊಂಬು ಬೀಸಿ ಅವರ ಮುಂದಿನ ಹಲ್ಲುಗಳು ಹೋಗಿದ್ದವು, ಕೂದಲೂ ಬೇಗ ಉದುರಿತ್ತು. ಹೀಗಾಗಿ ದೊಡ್ಡಪ್ಪ ಮೂವತ್ತರ ಒಳಗೇ ಮುದುಕರಾದರು. ಪಟೇಲ, ಕುಡುಕ ಮಾವ, ನಾಯಕಿಯ ಕೆಮ್ಮುವ ತಂದೆ. ಒಂದು ಚಿತ್ರದಲ್ಲಿ ಮಗಳಾಗಿದ್ದ ನಾಯಕಿಗಿಂತ ಇವರೇ ಚಿಕ್ಕವರಂತೆ. ಹೆಸರು ತಂದದ್ದು ಒಬ್ಬ ದುಷ್ಟ ಶಾನುಭೋಗನ ಪಾತ್ರ. ಆ ಶಾನುಭೋಗ ಬಡ ರೈತನ ಎದುರು ಕಾಲ ಮೇಲೆ ಕಾಲು ಹಾಕಿ ಕೂತು, "ಹಣೆಯ ಬರಹ ಬರೆಯುವವನು ಮೇಲಿದ್ದಾನೆ, ಹೊಲದ ಬರಹ ಬರೆಯುವವನು ಇಲ್ಲಿದ್ದಾನೆ" ಎನ್ನುತ್ತಾನೆ. ಈ ಮಾತು ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟು ಹರಡಿತೆಂದರೆ, ಸಣ್ಣಪುಟ್ಟ ಗುಮಾಸ್ತರೂ ಅದನ್ನು ಹೇಳಿ ಮೀಸೆ ತಿರುವುತ್ತಿದ್ದರು.

ಆ ಮಾತು ಹೇಳಿದ ದನಿ ದೊಡ್ಡಪ್ಪನದಲ್ಲ.

ಅವರ ದನಿ ಸಣ್ಣದು, ಕಬ್ಬಿನ ಒಣ ಗರಿಗಳು ಒಂದಕ್ಕೊಂದು ಉಜ್ಜಿದ ಹಾಗೆ. ಮಾತು ಹಳ್ಳಿಯದು. ಸ್ಟುಡಿಯೋದಲ್ಲಿ ಅವರು "ಅಣೆ ಬರಾ", "ಒಲದ ಬರಾ" ಅಂದಾಗ ಲೈಟ್ ಹಿಡಿದವರೆಲ್ಲ ನಕ್ಕರಂತೆ. ನಿರ್ದೇಶಕ ನಗಲಿಲ್ಲ. ಬಂದು ಹೆಗಲ ಮೇಲೆ ಕೈಯಿಟ್ಟು, ನೀನು ಬಾಯಿ ಚೆನ್ನಾಗಿ ಆಡಿಸಿದರೆ ಸಾಕಪ್ಪ, ಸ್ವರ ನಾವು ಹಾಕಿಕೊಳ್ಳುತ್ತೇವೆ ಅಂದ. ಒಬ್ಬ ದಪ್ಪ ಗಂಟಲಿನ ನಾಟಕದ ಮನುಷ್ಯ ಕತ್ತಲ ಕೋಣೆಯಲ್ಲಿ ನಿಂತು ದೊಡ್ಡಪ್ಪನ ತುಟಿ ನೋಡಿಕೊಂಡು ಗುಡುಗಿದ. ಅಲ್ಲಿಂದ ಮುಂದೆ ಪ್ರತಿ ಚಿತ್ರಕ್ಕೂ ಅದೇ ಏರ್ಪಾಡು. ಕಲೆ, ನೆಲ, ನುಡಿ ಎಂದು ವೇದಿಕೆಗಳ ಮೇಲೆ ಎದೆ ತಟ್ಟಿಕೊಳ್ಳುತ್ತಿದ್ದ ಆ ಮಹಾನುಭಾವರಿಗೆ ಮಂಡ್ಯದ ಮುಖ ಬೇಕಿತ್ತು, ಮಂಡ್ಯದ ಬಾಯಿ ಬೇಕಿರಲಿಲ್ಲ.

ರೇಡಿಯೋದವರಿಗೆ ಅದೇ ಬಾಯಿ ಬೇಕಾಯಿತು. ಹಾಗೆಂದು ಅವರೇನೂ ದೊಡ್ಡವರಲ್ಲ. ಸಂಜೆಯ ಗ್ರಾಮೀಣ ಕಾರ್ಯಕ್ರಮದಲ್ಲಿ ಒಬ್ಬ ಪೆದ್ದ ರೈತ ಬೇಕಿತ್ತು. ಕೃಷಿ ಅಧಿಕಾರಿ ಬುದ್ಧಿ ಹೇಳಬೇಕು, ಪೆದ್ದ ತಲೆ ಕೆರೆದುಕೊಂಡು ಹೌದು ಸ್ವಾಮಿ ಅನ್ನಬೇಕು. ಆ ಹೌದು ಸ್ವಾಮಿಗೆ ದೊಡ್ಡಪ್ಪನನ್ನು ಕರೆದರು. ಇವರು ಮೈಕಿನ ಮುಂದೆ ಮೊದಲು ಒಂದು ಕೆಮ್ಮು ಕೆಮ್ಮಿ, ಬರೆದುಕೊಟ್ಟದ್ದನ್ನು ಬಿಟ್ಟು ತಮ್ಮದೇ ಹೇಳತೊಡಗಿದರು. "ಸ್ವಾಮಿ, ನೀವ್ ಯೋಳಿದ್ ಗೊಬ್ರನೇ ಆಕ್ದೆ. ಪೈರು ನನ್ಗಿಂತ ಎತ್ರಕ್ ಬೆಳೀತು. ತೆನೆ ಮಾತ್ರ ನಿಮ್ಮಂಗೇ, ಈ ಕಡೀಕ್ ಬರ್ಲೇ ಇಲ್ಲ." ಪಂಚಾಯ್ತಿ ಕಟ್ಟೆಯ ಮೇಲೆ ರೇಡಿಯೋ ಸುತ್ತ ಕೂತ ಜನ ತೊಡೆ ತಟ್ಟಿಕೊಂಡು ನಕ್ಕರು. ಅಧಿಕಾರಿಗಳಿಗೆ ಸಿಟ್ಟು ಬಂತು. ಆದರೆ ಆ ಕೆಮ್ಮಿಗಾಗಿ ಊರೂರೇ ಕಾಯುತ್ತದೆಂದು ತಿಳಿದ ಮೇಲೆ ಸುಮ್ಮನಾದರು. ಹೀಗೆ ಅವರು ವರ್ಷಗಟ್ಟಲೆ ಮಾತಾಡಿದರು.

ಸಿನಿಮಾದ ಶಾನುಭೋಗ, ರೇಡಿಯೋದ ರೈತ ಇಬ್ಬರೂ ಒಬ್ಬನೇ ಮನುಷ್ಯ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಆಗತಾನೇ ನೌಕರಿ ಸಿಕ್ಕಿತ್ತು, ದೊಡ್ಡಪ್ಪನ ಜೊತೆ ಮಂಡ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನವನು ತಿರುಗಿ ನೋಡಿ ಶಾನುಭೋಗರ ಗುರುತು ಹಿಡಿದ. ಒಂದು ಡೈಲಾಗು ಹೇಳಿ ಎಂದು ಬಸ್ಸೇ ಸೇರಿ ಕಾಡಿತು. ದೊಡ್ಡಪ್ಪ ಎದ್ದು ನಿಂತು, ಕಂಬಿ ಹಿಡಿದು, ತಮ್ಮ ದನಿಯಲ್ಲಿ ಹೇಳಿದರು. ಬಸ್ಸು ತಣ್ಣಗಾಯಿತು.

"ಅವ್ನಲ್ಲ ಕಣ್ಲಾ ಇವ್ನು," ಅಂದ ಗುರುತು ಹಿಡಿದವನೇ. "ಮಖ ಒಸಿ ಅವನಂಗದೆ, ಅಷ್ಟೇಯ."

ಆಮೇಲೆ ಹಿಂದಿನ ಸೀಟಿನವನೊಬ್ಬ ಬೇಜಾರು ಕಳೆಯಲು ರೇಡಿಯೋದ ರೈತನ ಹಾಗೆ ಕೆಮ್ಮಿ, ಗೊಬ್ಬರದ ಮಾತು ಹೇಳಿ ಎಲ್ಲರನ್ನೂ ನಗಿಸಿದ. ದೊಡ್ಡಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಅಂದಿನಿಂದ ಯಾರು ಗುರುತು ಹಿಡಿದರೂ ತಲೆ ಆಡಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಈ ಜನ ಕಂಡದ್ದನ್ನು ನಂಬುತ್ತಾರೆ, ಕೇಳಿದ್ದನ್ನೂ ನಂಬುತ್ತಾರೆ. ಎರಡನ್ನೂ ಒಂದು ಕಡೆ ಇಟ್ಟು ನೋಡುವ ಶ್ರಮ ಮಾತ್ರ ತೆಗೆದುಕೊಳ್ಳುವುದಿಲ್ಲ.

ಈಗ ಆ ಸಂಜೆಯ ವಿಷಯ.

ಮದ್ದೂರಿನ ಒಂದು ಸಂಘದಿಂದ ಇಬ್ಬರು ನಮ್ಮ ಮನೆಗೆ ಬಂದರು. ಸಂಘದ ಅಧ್ಯಕ್ಷನಿಗೆ ಜಲ್ಲಿ ಕ್ರಷರ್ ಇದೆ, ಚುನಾವಣೆಗೆ ನಿಲ್ಲುವ ಆಸೆಯೂ ಇದೆ. ಜಲ್ಲಿ ಮಾರುವುದಕ್ಕೆ ಕಲೆ ಬೇಕಿಲ್ಲ, ಓಟು ಕೇಳುವುದಕ್ಕೆ ಬೇಕಾಗುತ್ತದೆ. ಹಿರಿಯ ಕಲಾವಿದರಿಗೆ ಸನ್ಮಾನ ಎಂದರು. ದೊಡ್ಡಪ್ಪ ಇಂಥವರನ್ನು ಹಿಂದೆ ಎಷ್ಟೋ ಸಲ ಬಾಗಿಲಲ್ಲೇ ಕಳಿಸಿದ್ದರು. ಅವತ್ತು ಒಪ್ಪಿದರು. ಷರತ್ತು ಒಂದೇ. ಮೈಕು ಐದು ನಿಮಿಷ ತಮ್ಮ ಕೈಯಲ್ಲಿರಬೇಕು, ಸಿನಿಮಾದ ತುಣುಕು ಯಾವುದನ್ನೂ ಹಾಕಬಾರದು. ಬಂದವರು ಅಲ್ಲಿಂದಲೇ ಅಧ್ಯಕ್ಷನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

"ಆಯ್ತು ಬುಡಿ ತಾತ," ಅಂತು ಫೋನು. "ಮೈಕು ನಿಮ್ದೇಯ. ಐದ್ ನಿಮ್ಸ ಯಾಕೆ, ಅರ್ಧ ಗಂಟೆ ಮಾತಾಡಿ."

ಅವರು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಕೂರಿಸಿಕೊಂಡು ತಮ್ಮ ಯೋಚನೆ ಹೇಳಿದರು. ಮೊದಲು ಆ ಕೆಮ್ಮು. ಆಮೇಲೆ ರೇಡಿಯೋ ರೈತನ ಮಾತು. ಜನಕ್ಕೆ ದನಿಯ ಗುರುತು ಹತ್ತಿದ ಮೇಲೆ, ಶಾನುಭೋಗನ ಮಾತನ್ನು ಅದೇ ದನಿಯಲ್ಲಿ ಹೇಳಿ ಮುಗಿಸುವುದು. "ಈ ಮಖದ್ದು ಈ ಗಂಟ್ಲು ಅಂತ ಒಂದ್ ಕಿತ ಯೋಳ್ಬುಟ್ಟು ಓಯ್ತೀನಿ ಕಣ್ಲಾ ಮಗ," ಅಂದರು. ಬೇರೇನೂ ಅವರಿಗೆ ಬೇಕಿರಲಿಲ್ಲ. ಶಾಲು ಬೇಡ, ಪೇಟ ಬೇಡ.

ಅಲ್ಲಿಂದ ದಿನಾ ಬೆಳಿಗ್ಗೆ ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ಕುರ್ಚಿ ಹಾಕಿಸಿಕೊಂಡು ಅಭ್ಯಾಸ ಮಾಡಿದರು. ಆ ವಯಸ್ಸಿನಲ್ಲಿ ಮಾತಿಗಿಂತ ಉಸಿರು ದೊಡ್ಡ ಸಮಸ್ಯೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕದಿಯಬೇಕು ಎಂದು ಗುರುತು ಮಾಡಿಕೊಂಡರು. ತಟ್ಟೆ ತೊಳೆಯುತ್ತಿದ್ದ ನನ್ನ ಹೆಂಡತಿ ನಕ್ಕರೆ ಸರಿ, ನಗದಿದ್ದರೆ ಮತ್ತೆ ಮೊದಲಿನಿಂದ. ನನಗೆ ಆ ಐದು ನಿಮಿಷ ಪೂರ್ತಿ ಬಾಯಿಪಾಠವಾಯಿತು.

ಮದ್ದೂರಿನ ಆ ಮೈದಾನಕ್ಕೆ ನಾವು ಬಿಸಿಲಿರುವಾಗಲೇ ಹೋದೆವು. ಬಾಗಿಲಲ್ಲಿ ಎರಡು ಆಳೆತ್ತರದ ಫ್ಲೆಕ್ಸು. ಅದರ ತುಂಬ ಅಧ್ಯಕ್ಷನ ಮುಖ, ಕೂಲಿಂಗ್ ಗ್ಲಾಸು, ಕತ್ತಿನ ಚಿನ್ನ. ಮೂಲೆಯಲ್ಲಿ ದೊಡ್ಡಪ್ಪ, ಸ್ಟಾಂಪಿನಷ್ಟು. ನಮ್ಮನ್ನು ವೇದಿಕೆಯ ಪಕ್ಕ ಕೂರಿಸಿದರು. ಸ್ವಾಗತ ಮಾಡಿದವನು ಅಧ್ಯಕ್ಷನನ್ನು ಹೊಗಳಿದ. ವಂದನಾರ್ಪಣೆ ಮಾಡಬೇಕಾದವನು ಎಲ್ಲಿ ಅವಕಾಶ ತಪ್ಪುತ್ತದೋ ಎಂದು ಮುಂಚೆಯೇ ಬಂದು ಹೊಗಳಿದ. ಮಕ್ಕಳನ್ನು ಕುಣಿಸಿದರು. ಆ ಹೊತ್ತಿಗೆ ದೊಡ್ಡಪ್ಪ ಎರಡು ಸಲ ನೀರು ಕೇಳಿದ್ದರು, ಗಂಟಲು ಒಣಗದಿರಲೆಂದು.

ಆಮೇಲೆ ಅವರನ್ನು ವೇದಿಕೆಗೆ ಕರೆದು, ಮದುವೆ ಮಂಟಪದ ಕೆಂಪು ಸಿಂಹಾಸನದಲ್ಲಿ ಕೂರಿಸಿ ಪೇಟ ಇಟ್ಟರು. ಅಧ್ಯಕ್ಷ ಪಕ್ಕಕ್ಕೆ ಬಂದು ನಿಂತ. ಮೈದಾನದ ಬದಿಯಿಂದ ಕ್ರೇನ್ ಬಂತು.

ನಮ್ಮ ಕಡೆ ದೊಡ್ಡ ಮನುಷ್ಯರಿಗೆ ಕ್ರೇನಿನಲ್ಲಿ ಹಾರ ಹಾಕುವುದು ಈಗ ರೂಢಿ. ಸೇಬಿನ ಹಾರ, ಕಬ್ಬಿನ ಹಾರ. ಹಾಕಿಸಿಕೊಳ್ಳುವವನ ಯೋಗ್ಯತೆಯನ್ನು ಹಾರದ ತೂಕದಲ್ಲಿ ಅಳೆಯುತ್ತಾರೆ, ಬೇರೆ ಅಳತೆ ಸಿಗದಿದ್ದಾಗ ಅದೇ ಅನುಕೂಲ. ಅವತ್ತು ಬಂದದ್ದು ಅಚ್ಚು ಬೆಲ್ಲದ ಹಾರ. ಬಲೆಯಲ್ಲಿ ಬಿಗಿದ ಬೆಲ್ಲ, ಆಲೆಮನೆಯಿಂದ ನೇರವಾಗಿ ತಂದದ್ದು, ಕಂಬದಷ್ಟು ದಪ್ಪ. ಕ್ರೇನಿನ ಜೊತೆಯಲ್ಲೇ ನೊಣಗಳೂ ಬಂದವು. ಭಾರವನ್ನು ಕ್ರೇನೇ ಹೊತ್ತಿರಬೇಕು, ಹಾರ ಎದುರಿಗೆ ತೂಗುತ್ತಿರಬೇಕು, ಮುಖಗಳು ಅದರೊಳಗೆ ಕಾಣಬೇಕು, ಫೋಟೋ ಆಗಬೇಕು. ಕ್ರಮ ಇಷ್ಟೇ.

ಇನ್ನು ಮುಂದಿನದನ್ನು ನಾನು ಕಣ್ಣಾರೆ ನೋಡಿದೆ. ಹಾರ ದೊಡ್ಡಪ್ಪನ ಪೇಟದ ಮೇಲಿಂದ ಇಳಿದು ಎದೆಯ ಮುಂದೆ ನಿಂತಿತು. ಜನ ಶಿಳ್ಳೆ ಹಾಕಿದರು. ಶಿಳ್ಳೆ ತನಗೆ ಎಂದುಕೊಂಡು ಅಧ್ಯಕ್ಷ ಕೈಯೆತ್ತಿದ. ನಾಯಕರು ಆಡಿಸುವ ಹಾಗೆ, ಅಂಗೈ ಕೆಳಗೆ ಮಾಡಿ, ಸಾವಿರ ತಲೆ ಸವರುವವನ ಹಾಗೆ ಆಡಿಸಿದ. ನಮ್ಮ ಪವರ್ ಹೌಸಿನಲ್ಲೂ ಕ್ರೇನ್ ಇತ್ತು. ಕ್ರೇನಿನವನಿಗೆ ಆ ಕೈಯ ಅರ್ಥ ಒಂದೇ: ಇಳಿಸು. ಅವನು ಇಳಿಸಿದ. ಅಧ್ಯಕ್ಷ ಇನ್ನೂ ಆಡಿಸಿದ. ಅವನು ಇನ್ನೂ ಇಳಿಸಿದ.

ಬೆಲ್ಲದ ಭಾರ ದೊಡ್ಡಪ್ಪನ ಹೆಗಲಿಗೆ, ಎದೆಗೆ, ತೊಡೆಗೆ ಬಂತು. ಅವರು ಸಿಂಹಾಸನದೊಳಕ್ಕೆ ಕುಸಿದರು. ಪೇಟ ಹಣೆಗೆ ಜಾರಿತು. ನಾನು ಕೂಗುತ್ತ ಮೆಟ್ಟಿಲು ಹತ್ತಿದೆ. ಸಂಘದ ಬ್ಯಾಡ್ಜು ಹಾಕಿಕೊಂಡವನೊಬ್ಬ ನನ್ನ ತೋಳು ಹಿಡಿದು, "ಒಸಿ ಇರಿ ಸಾ, ಪೋಟೋ ಆಗ್ಲಿ," ಅಂದ. ಅವನ ಮುಖದಲ್ಲಿ ದ್ವೇಷವಿರಲಿಲ್ಲ, ಏನೂ ಇರಲಿಲ್ಲ. ಆ ಖಾಲಿ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಗಲೇ ನಿರೂಪಕ, ಐದು ನಿಮಿಷದ ಮಾತು ನೆನಪಾಗಿ ಬಂದನೋ ಏನೋ, ಮೈಕನ್ನು ದೊಡ್ಡಪ್ಪನ ಬಾಯಿಯ ಮುಂದೆ ಹಿಡಿದ. ದೊಡ್ಡಪ್ಪ ಬಾಯಿ ತೆರೆದರು. ದನಿ ಬರಲಿಲ್ಲ. ಮತ್ತೆ ತೆರೆದರು. ಅವರು ಮಾತಾಡಲು ತೆರೆದದ್ದಲ್ಲ, ಉಸಿರಿಗೆ ತೆರೆದದ್ದು. ನಿರೂಪಕ ಧ್ವನಿವರ್ಧಕದವನ ಕಡೆ ತಿರುಗಿ ತಲೆ ಆಡಿಸಿದ. ಮೈದಾನದ ನಾಲ್ಕೂ ಮೂಲೆಯಿಂದ ಆ ದಪ್ಪ ಗಂಟಲು ಗುಡುಗಿತು: "ಹಣೆಯ ಬರಹ ಬರೆಯುವವನು ಮೇಲಿದ್ದಾನೆ..."

ತುಣುಕು ಹಾಕಬಾರದು ಎಂದು ಹೇಳಿದ್ದೆವು. ಅವರು ಮೊದಲೇ ತಂದು, ಫೋನಿನಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದರು. ಕೊಟ್ಟ ಮಾತನ್ನು ಅವರು ಮುರಿದರು ಅನ್ನುವುದೂ ತಪ್ಪಾಗುತ್ತದೆ. ಮುರಿಯುವುದಕ್ಕಾದರೂ ಮೊದಲು ಅದನ್ನು ಮನಸ್ಸಿನಿಂದ ಕೊಟ್ಟಿರಬೇಕಲ್ಲ.

ಉಸಿರಿಗಾಗಿ ದೊಡ್ಡಪ್ಪನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ದೂರದಲ್ಲಿದ್ದವರಿಗೆ ಅವರೇ ಗುಡುಗುತ್ತಿದ್ದ ಹಾಗೆ ಕಂಡಿತು. ಮೈದಾನ ಹುಚ್ಚೆದ್ದಿತು. ನನ್ನ ಪಕ್ಕದಲ್ಲೇ ಒಬ್ಬ ಫೋನು ಎತ್ತಿ ಹಿಡಿದು, "ಈ ವಯಸ್ನಾಗೂ ಏನ್ ವಾಯ್ಸ್ ಕಣ್ಲಾ," ಅಂದ. ನಾನು ತೋಳು ಬಿಡಿಸಿಕೊಂಡು ವೇದಿಕೆಯ ಅಂಚಿಗೆ ಹೋಗಿ ಕ್ರೇನಿನವನಿಗೆ ಎರಡೂ ಕೈಯಿಂದ ಎತ್ತು ಎಂದು ಸನ್ನೆ ಮಾಡಿದೆ. ಅವನು ಕೂಡಲೇ ಎತ್ತಿದ. ಆ ಮೈದಾನದಲ್ಲಿ ಹೇಳಿದ ಮಾತು ಕೇಳಿದವನು ಅವನೊಬ್ಬನೇ.

ದೊಡ್ಡಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅಂಗಿಗೆ ಬೆಲ್ಲ ಮೆತ್ತಿಕೊಂಡಿತ್ತು. ಆಸ್ಪತ್ರೆಗೆ ಅಂದೆ, ತಲೆ ಅಲ್ಲಾಡಿಸಿ ರಸ್ತೆ ಬದಿಯ ಎಳನೀರು ರಾಶಿ ತೋರಿಸಿದರು. ಮಾರುತ್ತಿದ್ದವಳು ವಯಸ್ಸಾದ ಹೆಂಗಸು. ನೀರಿರೋದಾ ಗಂಜಿ ಇರೋದಾ ಎಂದು ಕೇಳಿದಳು. ದೊಡ್ಡಪ್ಪ ಕೆಮ್ಮಿದರು, ಅಭಿನಯವಲ್ಲ, ನಿಜವಾಗಿ. ಆಮೇಲೆ ತಡೆದು ತಡೆದು, "ನೀರೇ ಕೊಡವ್ವ, ಗಂಜಿ ಅಗ್ಯಕ್ಕೆ ಬಾಯಲ್ಲಿ ಅಲ್ಲಿಲ್ಲ," ಅಂದರು.

ಅವಳು ಕಾಯಿ ಕೆತ್ತುತ್ತ ನಕ್ಕಳು. "ನಿನ್ ಕೆಮ್ಮು ಕೇಳುದ್ರೆ ನಮ್ಮಪ್ಪನ್ ಕಾಲ್ದ ರೇಡಿಯೋ ಗ್ಯಾಪ್ಕ ಬತ್ತದೆ ಕಣಪ್ಪ. ನಮ್ಮೂರು ಕೊತ್ತತ್ತೀಲಿ ಪಂಚಾಯ್ತಿ ಕಟ್ಟೆ ಮ್ಯಾಲೆ ಕುಂತ್ಕಂಡು ಕೇಳೋರು. ಅದ್ರಲ್ಲೊಬ್ಬ ಬಡ್ಡೈದ ಇದ್ದ, ಆಪೀಸರ್ಗೇ ಎದ್ರು ಮಾತಾಡೋನು."

"ಈಗೆಲ್ಲವ್ನೆ?" ಅಂದರು ದೊಡ್ಡಪ್ಪ.

"ಅವನೆಂದೋ ಸತ್ತೋದ."

"ಯಾವಾಗ?"

"ನಾನೇನ್ ಅವನ್ ತಿತಿ ಊಟಕ್ಕೋಗಿದ್ನಾ?"

ನಾನು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಮಂಡಿ ಒತ್ತಿ ಹಿಡಿದರು. ಅವಳು ಚಿಲ್ಲರೆ ತರಲು ಹೋದಾಗ, ಇವತ್ತು ಬೇಡ, ಅವನು ನಾನೇ ಎಂದು ತೋರಿಸಲು ಉಸಿರಿಲ್ಲ ಅಂದರು.

ಪಕ್ಕೆಲುಬು ಮುರಿದಿಲ್ಲ, ನೊಂದಿದೆ ಎಂದು ಮಳವಳ್ಳಿಯ ಡಾಕ್ಟರು ಹೇಳಿದರು. ಮಲಗಿದ್ದಷ್ಟು ಕಾಲ ಅವರನ್ನು ನೋಡಲು ಬಂದವರು ನೋವಿನ ಸಮಾಚಾರ ಕೇಳುವವರಲ್ಲ. ಅಷ್ಟರಲ್ಲಿ ಆ ವಿಡಿಯೋ ಎಲ್ಲರ ಫೋನಿಗೂ ಹೋಗಿತ್ತು. ತೊಂಬತ್ತು ದಾಟಿದರೂ ಅದೇ ಸಿಂಹಕಂಠ ಎಂದು ಅದರ ಮೇಲೆ ಬರೆದಿತ್ತು. ಗುರುತಿಲ್ಲದವರು ಬಂದು ಹಾಸಿಗೆಯ ಪಕ್ಕ ನಿಂತು ಒಂದು ಸಲ ಹೇಳಿ ಅನ್ನುತ್ತಿದ್ದರು. ಉಸಿರುಗಟ್ಟುತ್ತಿರುವ ಮುದುಕನನ್ನು ಇಷ್ಟು ಜನ ಇಷ್ಟು ಸಲ ನೋಡಿ, ಒಬ್ಬನಿಗೂ ಅವರ ಕಣ್ಣು ಕಾಣಿಸಲಿಲ್ಲ. ವಿಡಿಯೋವನ್ನು ನಾನೂ ನೋಡಿದೆ. ಆ ಕಣ್ಣು ವೇದಿಕೆಯ ಪಕ್ಕ ನನ್ನನ್ನು ಹುಡುಕುತ್ತಿತ್ತು.

ಅವರು ಎದ್ದು ಓಡಾಡುವ ಹೊತ್ತಿಗೆ ಸಂಘದ ಆ ಇಬ್ಬರೇ ಮತ್ತೆ ಬಂದರು. ಕ್ಷಮೆ ಕೇಳಲು ಬಂದಿರಬಹುದು ಎಂದುಕೊಂಡು ಕಾಫಿ ಕೊಟ್ಟೆವು. ಅಧ್ಯಕ್ಷನ ಹುಟ್ಟುಹಬ್ಬವಂತೆ. ತಾತ ಬಂದು ಇನ್ನೊಂದು ಸಲ ಆ ಡೈಲಾಗು ಹೇಳಬೇಕಂತೆ. ನನಗೆ ಮೈಯೆಲ್ಲ ಉರಿಯಿತು, ಎದ್ದು ನಿಂತೆ. ದೊಡ್ಡಪ್ಪ ಕೈಸನ್ನೆಯಲ್ಲೇ ಕೂರಿಸಿ, ನನ್ನ ದನಿ ಅಷ್ಟು ದೊಡ್ಡದಲ್ಲವಲ್ಲ ಎಂದು ಅವರಿಗೆ ಹೇಳಿದರು.

"ಅದ್ಕೇನಂತೆ ತಾತ," ಅಂದ ಅವರಲ್ಲೊಬ್ಬ, ಕಾಫಿ ಲೋಟ ಕೆಳಗಿಟ್ಟು. "ನೀವ್ ಬಾಯಾಡ್ಸುದ್ರೆ ಸಾಕು. ವಾಯ್ಸ್ ನಾವಾಕ್ಕತೀವಿ."

ಮದ್ರಾಸಿನಲ್ಲಿ ಕೇಳಿದ ಮಾತು ಅವರ ಆಯುಷ್ಯವನ್ನೆಲ್ಲ ಸುತ್ತಿಕೊಂಡು ನಮ್ಮ ಜಗಲಿಗೆ ಬಂದಿತ್ತು. ದೊಡ್ಡಪ್ಪ ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕೆಮ್ಮುವಂತೆ ಎದೆ ಅಲ್ಲಾಡಿತು, ಸದ್ದು ಬರಲಿಲ್ಲ. ಆಮೇಲೆ ಬಾಯಿ ಆಡಿಸತೊಡಗಿದರು. ಹುಬ್ಬು ಎದ್ದಿತು, ಕೈ ತಿರುಗಿತು, ಕೆಳತುಟಿ ವ್ಯಂಗ್ಯಕ್ಕೆ ಜಾರಿತು. ದನಿ ಮಾತ್ರ ಎಳ್ಳಷ್ಟೂ ಇಲ್ಲ. ಬಂದವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ಆಮೇಲೆ ತಾತನಿಗೆ ಏನೋ ಆಗಿದೆ ಎಂದು ಹೆದರಿದರು. ನನಗೆ ಒಂದೊಂದು ತುಟಿಯ ಮಾತೂ ಗೊತ್ತಾಗುತ್ತಿತ್ತು. ಗೊಬ್ಬರ, ಪೈರು, ಬಾರದ ತೆನೆ. ಹಿತ್ತಲಲ್ಲಿ ಉಸಿರು ಕದಿಯಲು ಗುರುತು ಮಾಡಿಕೊಂಡಿದ್ದ ಜಾಗದಲ್ಲೇ ಕದ್ದರು. ಐದು ನಿಮಿಷವನ್ನೂ ಮುಗಿಸಿ ಕೈ ಮುಗಿದರು.

"ನಾನ್ ಬಾಯಾಡ್ಸಿವ್ನಿ," ಅಂದರು. "ಓಗಿ, ವಾಯ್ಸ್ ಆಕ್ಕಳಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಗೇಟಿನ ಆಚೆ ಹೋದ ಮೇಲೆ ಒಬ್ಬ ತನ್ನ ತಲೆಯ ಪಕ್ಕ ಬೆರಳು ತಿರುಗಿಸಿ ಇನ್ನೊಬ್ಬನಿಗೆ ತೋರಿಸಿದ. ಅದನ್ನೂ ನೋಡಿದೆ.

ಮರುದಿನ ದೊಡ್ಡಪ್ಪ ಒಗೆದ ಅಂಗಿ ಕೇಳಿ ಹಾಕಿಕೊಂಡು, ಮದ್ದೂರಿಗೆ ಹೋಗಿ ಎಳನೀರು ಕುಡಿದು ಬರೋಣ ಅಂದರು. ಎಳನೀರು ಮಳವಳ್ಳಿಯಲ್ಲೂ ಸಿಗುತ್ತದೆ. ನಾನು ಕಾರು ತೆಗೆದೆ. ಆ ಹೆಂಗಸು ಅಲ್ಲೇ ಇದ್ದಳು. ದೊಡ್ಡಪ್ಪ ಅವಳ ಎದುರಿನ ಸ್ಟೂಲಿನ ಮೇಲೆ ಕೂತು, ಬಿಸಿಲಿಗೆ ಮುಖ ಕೊಟ್ಟು, ಕೆಮ್ಮಿದರು. ಈ ಸಲ ರೇಡಿಯೋದ ಕೆಮ್ಮು. "ಸ್ವಾಮಿ, ನೀವ್ ಯೋಳಿದ್ ಗೊಬ್ರನೇ ಆಕ್ದೆ," ಎಂದು ಶುರುಮಾಡಿದರು.

ಅವಳ ಮಚ್ಚು ಅರ್ಧಕ್ಕೆ ನಿಂತಿತು. ಕಾಯಿಯನ್ನು ರಾಶಿಯ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಮುಖವನ್ನೇ ನೋಡುತ್ತ ಕೂತಳು. ಬೈಕಿನಲ್ಲಿ ಬಂದವನೊಬ್ಬ ಇಳಿಯದೆಯೇ ಹಾರನ್ ಹೊಡೆದು ಎರಡು ಎಳನೀರು ಎಂದ.

ಅವಳು ತಿರುಗಲಿಲ್ಲ. "ಒಸಿ ತಡ್ಕಳಪ್ಪ," ಅಂದಳು. "ಇವ್ರು ಮಾತಾಡ್ತಾವ್ರೆ."